ರೇಷ್ಮೆಗೆ ಸಿಕ್ಕಿಕೊಳ್ಳುವ ಕೈ

ನಮ್ಮ ಪುತ್ತೂರು, ಸುಳ್ಯದ ಕಡೆ ಒಂದು ಮನೆಯಲ್ಲಿ ಮದುವೆ ಎಂದರೆ ಹಿಂದಿನ ದಿನ ಸಂಜೆ ನೆರೆಕರೆಯವರೆಲ್ಲ ತಮ್ಮ ತಮ್ಮ ಚೂರಿ, ಮೆಟ್ಟುಕತ್ತಿ ಹಿಡಿದುಕೊಂಡು ಬಂದು ತರಕಾರಿ ಹೆಚ್ಚಿಕೊಡುತ್ತಾರೆ. ಯಾರೂ ಕರೆಯಬೇಕೆಂದಿಲ್ಲ, ಯಾರಿಗೂ ಸಂಬಳವಿಲ್ಲ. ಚಾ ಉಂಟು, ಅವಲಕ್ಕಿ ಉಂಟು, ಊರಿಡೀ ಸುದ್ದಿ ಉಂಟು. ಕುಂಬಳಕಾಯಿ ರಾಶಿಯ ಸುತ್ತ ಕೂತು ಒಬ್ಬರ ಕಾಲನ್ನು ಒಬ್ಬರು ಎಳೆಯುವ ಆ ಗುಂಪು ನನಗೆ ಮರುದಿನದ ಊಟಕ್ಕಿಂತ ಇಷ್ಟವಾಗಿತ್ತು. ಈಗ ನಾನು ಅಲ್ಲಿ ಕೂರುವುದಿಲ್ಲ. ಕೂತರೆ ಯಾರಾದರೊಬ್ಬರು ಬಹಳ ಮರ್ಯಾದೆಯಿಂದ, "ನೀವು ಯಾಕೆ ಅಕ್ಕಾ ಕಷ್ಟಪಡುದು? ನಾವೆಲ್ಲ ಇಲ್ವಾ? ಅಲ್ಲಿ ಕುರ್ಚಿಯಲ್ಲಿ ಕೂತ್ಕೊಳ್ಳಿ" ಎಂದು ಕೈಯಿಂದ ಕತ್ತಿ ತೆಗೆದುಕೊಳ್ಳುತ್ತಾರೆ. ಕುರ್ಚಿಯಲ್ಲಿ ಕೂರುವವರು ಮುದುಕಿಯರು. ನನಗೆ ನಲವತ್ತಾರು.

ಆ ಮರ್ಯಾದೆ ನನ್ನ ವಯಸ್ಸಿಗಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಕೈ ತಾಗಿದ ತರಕಾರಿ ತಿನ್ನಲು ಅವರಿಗೆ ಒಂದು ನಮೂನೆ ಆಗುತ್ತದೆ. ನನಗಿರುವುದು ಇಸುಬು. ಅಂಟುವ ಕಾಯಿಲೆಯಲ್ಲ ಎಂದು ಮೊದಮೊದಲು ಎಲ್ಲರಿಗೂ ವಿವರಿಸುತ್ತಿದ್ದೆ. ವಿವರಿಸಿದಷ್ಟೂ ಜನ ಇನ್ನೊಂದು ಗೇಣು ಹಿಂದೆ ಸರಿಯುತ್ತಾರೆ ಎಂದು ಕಂಡ ಮೇಲೆ ಬಿಟ್ಟೆ. ನಾಲ್ಕು ಜನ ಸೇರಿದಲ್ಲಿ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುವುದು ನನ್ನ ಅಭ್ಯಾಸವಾಯಿತು. ನೋಡಿದವರು "ಎಷ್ಟು ಗಾಂಭೀರ್ಯ" ಎಂದರು. ಗಾಂಭೀರ್ಯವೂ ಇಲ್ಲ, ಮಣ್ಣೂ ಇಲ್ಲ, ಇದ್ದದ್ದು ನಾಚಿಕೆ.

ಇದು ಸಣ್ಣಂದಿನಿಂದಲೇ ಬಂದದ್ದು. ನನ್ನ ತವರು ಸುಳ್ಯದ ಹತ್ತಿರ. ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ, ಕಣ್ಣಿನ ರೆಪ್ಪೆಯ ಮೇಲೆ ತುರಿಸಿ ತುರಿಸಿ ರಕ್ತ ಬರುತ್ತಿತ್ತು. ನಮ್ಮಲ್ಲಿ ಚರ್ಮಕ್ಕೆ ಏನಾದರೂ ಆದರೆ ಮೊದಲ ಅನುಮಾನ ನಾಗನ ಮೇಲೆ. ನಾಗಬನದಲ್ಲಿ ತಂಬಿಲದ ಪೂಜೆ ಕೊಟ್ಟರು, ಹಾಲೆರೆದರು. ಅಮ್ಮ ಗರಿಕೆ ಹಾಕಿ ಎಣ್ಣೆ ಕಾಯಿಸಿ ಹಚ್ಚಿದಳು. ಎಣ್ಣೆ ಒಳ್ಳೆಯದೇ ಇತ್ತೋ ಏನೋ, ಆದರೆ ಅದರ ಬೆನ್ನಿಗೇ ಸ್ನಾನ. ನಮ್ಮ ಬಚ್ಚಲಿನ ಹಂಡೆಯಲ್ಲಿ ನೀರು ಯಾವಾಗಲೂ ಕೊತಕೊತ ಕುದಿಯುತ್ತಿರಬೇಕು, ಇಲ್ಲದಿದ್ದರೆ ಅದು ಸ್ನಾನವೇ ಅಲ್ಲ. ತುರಿಸುವಲ್ಲಿಗೆ ಆ ಬಿಸಿನೀರು ಹೊಯ್ದರೆ ಆಗುವ ಸುಖವನ್ನು ಇಸುಬು ಇಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಚೆಂಬಿನ ಮೇಲೆ ಚೆಂಬು ಹೊಯ್ದು, ಕಡಲೆಹಿಟ್ಟು ಹಾಕಿ ಎಣ್ಣೆಯ ಕೊನೆಯ ಪಸೆಯನ್ನೂ ಉಜ್ಜಿ ತೆಗೆದು, ಹಪ್ಪಳದ ಹಾಗೆ ಒಣಗಿ ಹೊರಗೆ ಬರುತ್ತಿದ್ದೆ. ಮದುವೆಯಾಗಿ ಕಬಕದ ಹತ್ತಿರದ ಈ ಮನೆಗೆ ಬಂದ ಮೇಲೂ ನಾನು ಕೇಳಿದ ಮೊದಲ ಪ್ರಶ್ನೆ ಹಂಡೆ ಎಲ್ಲಿ ಎಂದು. ನನ್ನ ಚರ್ಮವನ್ನು ನಾನೇ ಬೇಯಿಸುತ್ತಿದ್ದೇನೆ ಎಂದು ಗೊತ್ತಾಗಲು ಅರ್ಧ ಆಯುಷ್ಯ ಬೇಕಾಯಿತು.

ಇಪ್ಪತ್ತರಲ್ಲಿ ಇಸುಬು ಬರೀ ತುರಿಕೆ. ನಲವತ್ತು ದಾಟಿದ ಮೇಲೆ ಅದು ವಯಸ್ಸಾಗುತ್ತದೆ. ಕೆರೆದಲ್ಲಿ ಚರ್ಮ ದಪ್ಪವಾಗಿ ಗೆರೆ ಬಿದ್ದು, ಕೈಯ ಮೇಲ್ಭಾಗ ಹಳೆಯ ಮರದ ತೊಗಟೆಯಂತಾಯಿತು. ಕಣ್ಣಿನ ಕೆಳಗೆ ಸಣ್ಣಂದಿನಿಂದಲೇ ಇದ್ದ ಒಂದು ಮಡಿಕೆ ಎರಡಾಯಿತು, ಮೂರಾಯಿತು. ತಲೆಗೆ ಬಣ್ಣ ಹಚ್ಚಿದರೆ ನೆತ್ತಿ ಒಡೆದು ನೀರು ಬರುವುದರಿಂದ ಬಿಳಿ ಕೂದಲನ್ನು ಇದ್ದ ಹಾಗೇ ಬಿಟ್ಟೆ. ಬಸ್ಸಿನಲ್ಲಿ ಹುಡುಗಿಯರು ಎದ್ದು ಜಾಗ ಕೊಡುತ್ತಾರೆ. ನಾನು ಥ್ಯಾಂಕ್ಸ್ ಹೇಳಿ ಕೂರುತ್ತೇನೆ, ಒಳಗೊಳಗೇ ಅವರನ್ನು ಬೈಯುತ್ತೇನೆ. ಗಂಡನ ಪಂಪ್‌ಸೆಟ್ ಅಂಗಡಿಗೆ ಒಮ್ಮೆ ಬುತ್ತಿ ಕೊಂಡುಹೋದಾಗ ಗಿರಾಕಿಯೊಬ್ಬರು "ಅಮ್ಮ ಬಂದಿದ್ದಾರೆ ನೋಡಿ" ಎಂದರು. ಗಂಡ ನಗಲೂ ಇಲ್ಲ, ತಿದ್ದಲೂ ಇಲ್ಲ. ಮೋಟರಿನ ಯಾವುದೋ ಬೋಲ್ಟು ಬಿಗಿ ಮಾಡತೊಡಗಿದರು. ಮತ್ತೆ ನಾನು ಅಂಗಡಿಗೆ ಹೋಗಲಿಲ್ಲ.

ನನ್ನ ಅಕ್ಕನ ಮನೆ ಕಡಬ ತಾಲೂಕಿನ ನೆಲ್ಯಾಡಿಯಲ್ಲಿ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು, ಅವಳ ಮುಖದಲ್ಲಿ ಇವತ್ತಿಗೂ ಒಂದು ಗೆರೆ ಇಲ್ಲ. ದೇವರು ಹಂಚುವಾಗ ನಾನು ಹಂಡೆಗೆ ಬೆಂಕಿ ಹಾಕುತ್ತಿದ್ದೆನೋ ಏನೋ. ಅವಳಿಗೆ ಒಬ್ಬಳೇ ಮಗಳು. ಆ ಹುಡುಗಿ ಸಣ್ಣವಳಿರುವಾಗ ಬೈರಾಸು ಸುತ್ತಿಕೊಂಡು ಸೀರೆಯಾಟ ಆಡುತ್ತಿದ್ದಳು. ನೆರಿಗೆ ಹಿಡಿದುಕೊಡುವವಳು ನಾನು. ನನಗೆ ಹೇಳಿಕೊಳ್ಳುವಂಥ ವಿದ್ಯೆ ಇರುವುದು ಅದೊಂದೇ. ಎಂಥ ಸೀರೆಯಾದರೂ ನೆರಿಗೆ ನೆಟ್ಟಗೆ ಕೂರಿಸುತ್ತೇನೆ. "ನನ್ನ ಮದುವೆಗೆ ಸೀರೆ ಉಡಿಸುದು ಚಿಕ್ಕಮ್ಮನೇ" ಎಂದು ಅವಳು ಆಗಲೇ ಹೇಳಿಟ್ಟಿದ್ದಳು. ಕಳೆದ ವರ್ಷ ಸಂಬಂಧ ಕೂಡಿಬಂದಾಗ ಫೋನಿನಲ್ಲಿ ಮತ್ತೆ ಅದನ್ನೇ ಹೇಳಿದಳು. "ಪಾರ್ಲರಿನವರು ಬೇಡ. ನಿಶ್ಚಿತಾರ್ಥಕ್ಕೂ ನೀನೇ, ಧಾರೆಗೂ ನೀನೇ."

ಫೋನು ಇಟ್ಟು ಕನ್ನಡಿ ನೋಡಿದೆ. ಹುಡುಗನ ಕಡೆಯವರೆಲ್ಲ ಬಂದಿರುತ್ತಾರೆ, ಅಕ್ಕನ ಪಕ್ಕದಲ್ಲಿ ನಾನು ಹೀಗೆ ನಿಲ್ಲುವುದು ಹೇಗೆ? ಅಲ್ಲಿಂದ ನನ್ನ ಹುಚ್ಚಾಟ ಶುರುವಾಯಿತು. ಅರಶಿನ ಮೊಸರು ಕಲಸಿ ಮುಖಕ್ಕೆ ಮೆತ್ತಿದೆ. ಪೇಟೆಯಲ್ಲಿ ಫೇಶಿಯಲ್ ಮಾಡಿಸಿದೆ. ಪರಿಚಯದ ಹೆಂಗಸೊಬ್ಬಳು ಮೆಡಿಕಲ್ಲಿನಲ್ಲಿ ಚೀಟಿ ಇಲ್ಲದೆ ಸಿಗುವ ಒಂದು ಟ್ಯೂಬಿನ ಹೆಸರು ಕಿವಿಯಲ್ಲಿ ಹೇಳಿದಳು. ಹಚ್ಚಿದ ವಾರದಲ್ಲೇ ಮುಖ ಬೆಣ್ಣೆಯಾಯಿತು. ಗಂಡ ಕೂಡ ಎರಡು ಸಲ ನೋಡಿದರು. ಅದನ್ನೇ ಹಿಡಿದುಕೊಂಡೆ. ನಿಶ್ಚಿತಾರ್ಥ ಹತ್ತಿರ ಬಂದಾಗ ಟ್ಯೂಬು ಹಚ್ಚಿದರೆ ಉರಿ, ಬಿಟ್ಟರೆ ಇನ್ನೂ ಉರಿ. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಒಳಗಿನ ರಕ್ತನಾಳ ಕಾಣತೊಡಗಿತು. ಬಾಣಲೆಯಿಂದ ಬೆಂಕಿಗೆ ಬಿದ್ದಿದ್ದೆ.

ನಿಶ್ಚಿತಾರ್ಥದ ದಿನ ಕೆಂಪು ಮುಚ್ಚಲು ಪೌಡರು ಹಾಕಿಕೊಂಡು ಹೋದೆ. ಪೌಡರು ಹೋಗಿ ಕೂತದ್ದು ಸುಕ್ಕಿನ ಒಳಗೆ. ಇಲ್ಲದ ಗೆರೆಗಳೂ ಎದ್ದು ಕಂಡವು.

ಅಕ್ಕನ ಮನೆಯ ಒಳಕೋಣೆಯಲ್ಲಿ ಮಗುವಿಗೆ ಸೀರೆ ಉಡಿಸಲು ಕೂತೆ. ಮಗು ಎಂದರೆ ಮದುಮಗಳು, ನನಗೆ ಅವಳು ಮಗುವೇ. ತೆಳುವಾದ ರೇಷ್ಮೆ. ಮೊದಲ ನೆರಿಗೆ ಹಿಡಿಯುವಾಗಲೇ ಬೆರಳಿನ ಒಡಕಿಗೆ ನೂಲು ಸಿಕ್ಕಿಕೊಂಡಿತು. ಬಿಡಿಸಿದೆ, ಇನ್ನೊಂದು ಬೆರಳಿಗೆ ಸಿಕ್ಕಿತು. ಎಡಗೈಯ ಹೆಬ್ಬೆರಳ ಬುಡದಲ್ಲಿ ಚರ್ಮ ಅರದ ಹಾಗೆ ದೊರಗಾಗಿತ್ತು. ಅದು ತಾಗಿದ್ದೇ ಒಂದು ಎಳೆ ಸರ್ರೆಂದು ಎದ್ದು ಸೀರೆಯ ಎದುರುಭಾಗದಲ್ಲೇ ಉದ್ದಕ್ಕೆ ಗೀರು ಬಿತ್ತು. ಹುಡುಗಿ ಬಗ್ಗಿ ನೋಡಿದಳು. "ಅದು ನೆರಿಗೆಯೊಳಗೆ ಹೋಗ್ತದೆ ಚಿಕ್ಕಮ್ಮ, ಕಾಣುದಿಲ್ಲ" ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸೆರಗಿಗೆ ಪಿನ್ನು ಹಾಕಲು ಅಕ್ಕನನ್ನು ಕರೆದು ನಾನು ಹೊರಗೆ ಬಂದೆ.

ಹೊರಗೆ ಇನ್ನೊಂದು ಕಾದಿತ್ತು. ಶುಭಕಾರ್ಯ ಮುಗಿದ ಕೂಡಲೇ ಸಣ್ಣವರು ದೊಡ್ಡವರಿಗೆಲ್ಲ ಸಾಲಾಗಿ ನಮಸ್ಕಾರ ಮಾಡುವುದು ನಮ್ಮ ಕ್ರಮ. ಒಂದೇ ವರ್ಷಕ್ಕೆ ದೊಡ್ಡವರಾದರೂ ಬಿಡುವಂತಿಲ್ಲ. ಭಾವನ ಅಕ್ಕ, ಅಂದರೆ ನನ್ನ ಅಕ್ಕನ ಅತ್ತಿಗೆ, ಶಿವಮೊಗ್ಗದಿಂದ ಬಂದಿದ್ದರು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರು. ಅಕ್ಕನ ಮದುವೆಯಲ್ಲಿ ನನ್ನನ್ನು ಲಂಗದಾವಣಿಯಲ್ಲಿ ನೋಡಿದ್ದೇ ಕೊನೆ. ಅವರು ನನ್ನ ಎದುರು ಬಂದು ನಿಂತರು, ಮುಖ ನೋಡಿದರು, ಬಿಳಿಕೂದಲು ನೋಡಿದರು. ಅಕ್ಕನ ಚಿಕ್ಕಮ್ಮನೋ ದೊಡ್ಡಮ್ಮನೋ ಇರಬೇಕೆಂದು ಎಣಿಸಿ, ಸೆರಗು ಸರಿಮಾಡಿಕೊಂಡು, ಮಂಡಿಯೂರಿ ನನ್ನ ಕಾಲಿಗೆ ಹಣೆ ಹಚ್ಚಿಬಿಟ್ಟರು.

ಒಂದು ಹೆಜ್ಜೆ ಹಿಂದೆ ಹಾರಬೇಕಿತ್ತು. "ಅಯ್ಯೋ, ನಾನು ಸಣ್ಣವಳು" ಎನ್ನಬೇಕಿತ್ತು. ಹಾಗೆಂದರೆ ಸುತ್ತ ನಿಂತವರೆಲ್ಲ ನನ್ನ ಮುಖವನ್ನು ಮತ್ತೊಮ್ಮೆ ಹುಡುಕಿ ನೋಡುತ್ತಾರಲ್ಲ ಎಂಬ ಹೆದರಿಕೆ. ಕಾಲಿಗೆ ಬಿದ್ದವರು ಏಳುವುದು ತಲೆ ಮೇಲೆ ಕೈ ಬಿದ್ದ ಮೇಲೆ. ಅವರು ಕಾಯುತ್ತಿದ್ದರು. ಸೆರಗಿನಿಂದ ಕೈ ಹೊರತೆಗೆದು ಅವರ ತಲೆಯ ಮೇಲಿಟ್ಟೆ, "ಒಳ್ಳೇದಾಗಲಿ" ಎಂದೆ. ತೆಗೆಯುವಾಗ ಅವರ ಕೂದಲು ನನ್ನ ಬೆರಳಿಗೆ ಸಿಕ್ಕಿ ಸ್ವಲ್ಪ ಎಳೆಯಿತು. ದೊಡ್ಡವರು ಸಣ್ಣವರ ಕಾಲು ಹಿಡಿದರೆ ಸಣ್ಣವರ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಆಗಲಿ, ಮುಖ ಹೇಗೂ ಅದನ್ನು ಮುಂಚಿತವಾಗಿ ಖರ್ಚು ಮಾಡಿ ಕೂತಿದೆ.

ಊಟದ ಹಂತಿಯಲ್ಲಿ ವಿಷಯ ಹೊರಬಿತ್ತು. "ನಿನ್ನ ಚಿಕ್ಕಮ್ಮನವರು ಎಲ್ಲಿಯವರು?" ಎಂದು ಅವರು ನನ್ನನ್ನು ತೋರಿಸಿ ಅಕ್ಕನನ್ನು ಕೇಳಿದರು. ಅಕ್ಕ ಪಾಯಸದ ಸೌಟು ಹಿಡಿದುಕೊಂಡೇ ಗೊಳ್ಳೆಂದು ನಕ್ಕಳು. "ಎಂತದ್ದು ಅತ್ತಿಗೆ! ಅದು ನನ್ನ ತಂಗಿ!" ಇಡೀ ಹಂತಿ ನಕ್ಕಿತು. ಅಕ್ಕನಿಗೆ ಕೆಟ್ಟ ಮನಸ್ಸಿಲ್ಲ, ಬಾಯಿ ಮಾತ್ರ ದೊಡ್ಡದು. ಭಾವನ ಅಕ್ಕ ನಗಲಿಲ್ಲ. ಅರ್ಧ ಊಟದಲ್ಲೇ ಎಲೆ ಮಡಚಿ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಕೆಂಪು ಮಾಡಿಕೊಂಡು ಹೊರಬಂದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ದೊಡ್ಡವರನ್ನು ಹತ್ತು ಜನರೆದುರು ನಗೆಪಾಟಲು ಮಾಡಿದೆನಲ್ಲ ಎಂದು ನಾನೂ ಊಟ ಬಿಟ್ಟು ಎದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹಿಂದಿರುಗುವಾಗ ಗಂಡನಿಗೆ ಹೇಳಿದೆ, "ಮದುವೆಗೆ ನೀವೊಬ್ಬರೇ ಹೋಗಿ ಬನ್ನಿ."

ಅವರು ಮರುವಾರ ಪುತ್ತೂರಿನಲ್ಲಿ ಚರ್ಮದ ಡಾಕ್ಟರ ಹತ್ತಿರ ಟೋಕನ್ ತೆಗೆದುಕೊಂಡು ಬಂದರು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ನುಣ್ಣಗಿನ ಮುಖ. ನೋಡಿದ ಕೂಡಲೇ ಸಿಟ್ಟು ಬಂತು. "ಮುಖ ಹಾಳಾಗಿ ಹೋಗಲಿ, ನನಗೆ ಕೈ ಒಂದು ಸರಿಮಾಡಿಕೊಡಿ. ರೇಷ್ಮೆ ಹಿಡಿಯಬೇಕು" ಎಂದೆ. ಆಕೆ ನಗಲಿಲ್ಲ, ನನ್ನ ಎರಡೂ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಹೊರಗಿನವರೊಬ್ಬರು ಹಿಂಜರಿಯದೆ ನನ್ನ ಕೈ ಹಿಡಿದು ಎಷ್ಟೋ ಕಾಲವಾಗಿತ್ತು. ಕಣ್ಣಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು.

ಟ್ಯೂಬಿನ ಹೆಸರು ಹೇಳಿದಾಗ ಸರಿಯಾಗಿ ಬೈಸಿಕೊಂಡೆ. ಅದರಲ್ಲಿದ್ದದ್ದು ಸ್ಟೆರಾಯ್ಡ್, ಕಂಡಾಬಟ್ಟೆ ಹಚ್ಚಿದ್ದರಿಂದ ಮುಖದ ಚರ್ಮ ತೆಳುವಾದದ್ದಂತೆ. ಆಮೇಲೆ ಕೈಗೆಂದು ಅವರೇ ಒಂದು ಸ್ಟೆರಾಯ್ಡ್ ಮುಲಾಮು ಬರೆದರು. "ಈಗಷ್ಟೇ ಬೈದದ್ದಲ್ವಾ?" ಎಂದೆ. "ಕತ್ತಿಯಲ್ಲಿ ತರಕಾರಿಯೂ ಹೆಚ್ಚಬಹುದು, ಕೈಯೂ ಕೊಯ್ದುಕೊಳ್ಳಬಹುದು. ನಾನು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಮಾತ್ರ" ಎಂದರು. ನನ್ನಂಥವರ ಚರ್ಮದಲ್ಲಿ ನೀರು ನಿಲ್ಲುವುದಿಲ್ಲ, ಒಣಗಿದ ಗದ್ದೆಯ ಹಾಗೆ ಬಿರಿಯುತ್ತದೆ, ಕೆರೆದಷ್ಟೂ ದಪ್ಪವಾಗುತ್ತದೆ ಎಂದು ವಿವರಿಸಿದರು. "ಇದರಲ್ಲಿ ಎಲ್ಲವೂ ವಯಸ್ಸಾದದ್ದಲ್ಲ. ಒಣಗಿದ್ದು ಸುಮಾರು ಉಂಟು. ಅದು ವಾಪಸು ಬರ್ತದೆ. ಕಣ್ಣಿನ ಕೆಳಗಿನ ಮಡಿಕೆ ಪೂರ್ತಿ ಹೋಗುದಿಲ್ಲ, ಈಗಲೇ ಹೇಳ್ತೇನೆ." ಸುಳ್ಳು ಹೇಳದ್ದಕ್ಕೆ ಅವರ ನುಣ್ಣಗಿನ ಮುಖವನ್ನು ಕ್ಷಮಿಸಿದೆ.

ಅವರು ಹೇಳಿದ ಆರೈಕೆ ಕೇಳಿದರೆ ಯಾರಿಗೂ ಮದ್ದು ಎಂದೇ ಅನಿಸದು. ಹಂಡೆಯ ನೀರು ಬಿಡಬೇಕು, ಉಗುರು ಬೆಚ್ಚಗಿನ ನೀರು ಸಾಕು, ಬೇಗ ಮುಗಿಸಬೇಕು. ಕಡಲೆಹಿಟ್ಟಿನಲ್ಲಿ ಉಜ್ಜುವುದು, ಅರಶಿನ, ಪರಿಮಳದ ಸೋಪು ಬೇಡ. ಮೈ ಒರಸಿ ಇನ್ನೂ ಪಸೆ ಇರುವಾಗಲೇ, ವಾಸನೆ ಬಣ್ಣ ಒಂದೂ ಇಲ್ಲದ ದಪ್ಪ ಬಿಳಿ ಮುಲಾಮು ಹಚ್ಚಬೇಕು, ಪಾತ್ರೆ ತೊಳೆಯುವಾಗ ಗ್ಲೌಸು ಹಾಕಬೇಕು, ಬಿಸಿಲಿಗೆ ಹೋಗುವಾಗ ಕೊಡೆ ಹಿಡಿಯಬೇಕು. ಇಷ್ಟೇ. ಗ್ಲೌಸು ಹಾಕಿ ಪಾತ್ರೆ ತೊಳೆಯುವುದನ್ನು ಕಂಡ ಪಕ್ಕದ ಮನೆಯವರು "ಆಪರೇಶನ್ ಯಾರಿಗೆ?" ಎಂದು ಕೇಳಿದರು. ಹಂಡೆ ಬಿಟ್ಟದ್ದೇ ಎಲ್ಲಕ್ಕಿಂತ ಕಷ್ಟವಾಯಿತು. ತುರಿಕೆ ಎದ್ದಾಗ ಬಚ್ಚಲಿನ ಬಾಗಿಲಲ್ಲಿ ನಿಂತು ಕುಡುಕರು ಗಡಂಗು ನೋಡಿದ ಹಾಗೆ ಹಂಡೆಯನ್ನು ನೋಡಿದ್ದೇನೆ.

ಚಳಿ ಕಳೆಯುವ ಹೊತ್ತಿಗೆ ಮುಖದ ಉರಿ ಇಳಿಯಿತು. ಕೈಯ ಒಡಕು ಕೂಡಿಕೊಂಡಿತು. ಪ್ರತಿದಿನ ಕಪಾಟಿನಿಂದ ನನ್ನ ಮದುವೆಯ ಸೀರೆ ತೆಗೆದು ಬೆರಳು ಸವರಿ ನೋಡುತ್ತಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನನ್ನ ಹುಣ್ಣಿಗೆ ಆ ಸೀರೆಯೇ ಸಾಕಿತ್ತು. ಒಂದು ದಿನ ಬಲಗೈ ಎಲ್ಲಿಯೂ ಸಿಕ್ಕಿಕೊಳ್ಳದೆ ಈ ತುದಿಯಿಂದ ಆ ತುದಿಗೆ ಹೋಯಿತು. ಎಡಗೈಯ ಹೆಬ್ಬೆರಳ ಬುಡ ಮಾತ್ರ ಹಠ ಬಿಡಲಿಲ್ಲ. ಆ ದಿನವೇ ಅಕ್ಕನ ಮಗಳಿಗೆ ಫೋನು ಮಾಡಿ, ಧಾರೆಗೆ ನಾನೇ ಉಡಿಸುತ್ತೇನೆ ಎಂದೆ. "ಮತ್ತೆ ಯಾರು ಉಡಿಸುದು? ನಾನು ಬೇರೆಯವರಿಗೆ ಹೇಳಿಯೇ ಇರಲಿಲ್ಲ" ಎಂದಳು.

ಧಾರೆಸೀರೆ ದಪ್ಪ ರೇಷ್ಮೆ. ಎಡಗೈ ಹೆಬ್ಬೆರಳಿಗೆ ತೆಳು ಹತ್ತಿಬಟ್ಟೆ ಸುತ್ತಿಕೊಂಡು, ಬಲಗೈಯಲ್ಲಿ ನೆರಿಗೆ ಹಿಡಿದೆ. ಒಂದು ಎಳೆಯೂ ಏಳಲಿಲ್ಲ. ಮಗು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ನಾನು ಅವಳ ಹಿಂದೆ ನಿಂತ ನನ್ನನ್ನು ನೋಡಿದೆ. ಕಣ್ಣಿನ ಕೆಳಗಿನ ಮಡಿಕೆ ಇದ್ದಲ್ಲೇ ಇತ್ತು, ಬಿಳಿಕೂದಲೂ ಇತ್ತು. ಈಗಲೂ ಅಕ್ಕನಿಗಿಂತ ದೊಡ್ಡವಳಾಗಿಯೇ ಕಾಣುತ್ತಿದ್ದೆ. ಹಳೆಯ ನಾಚಿಕೆ ಮೆಲ್ಲ ಎದ್ದು ಕೂತಿತು. ಹೆಬ್ಬೆರಳಿನ ಬಟ್ಟೆ ಬಿಚ್ಚಿ ಎಡಗೈಯನ್ನು ಸೆರಗಿನೊಳಗೆ ತುರುಕಿಕೊಂಡು ಮಂಟಪದ ಕಡೆ ಹೋದೆ.

ಒಂದು ಕೆಲಸ ಬಾಕಿ ಇತ್ತು. ಧಾರೆ ಮುಗಿದು ನಮಸ್ಕಾರದ ಗದ್ದಲ ಶುರುವಾದಾಗ ಭಾವನ ಅಕ್ಕ ಕಂಬದ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಒಳಗೆ ಸರಿಯಲು ನೋಡಿದರು. ಅಷ್ಟರಲ್ಲಿ ಹೋಗಿ ಅವರ ಕಾಲಿನ ಬುಡದಲ್ಲಿ ಮಂಡಿಯೂರಿದೆ. ಹಿಂದಿನಿಂದ ಯಾರೋ ನನ್ನ ತೋಳು ಹಿಡಿದೆತ್ತಿದರು. "ಎಂತ ಮಾರಾಯ್ರೆ, ಉಲ್ಟಾ ಆಯ್ತಲ್ಲ! ದೊಡ್ಡವರು ಸಣ್ಣವರ ಕಾಲಿಗೆ ಬೀಳುದಾ?"

ಮತ್ತೆ ಅದೇ ಕ್ಷಣ. ತೋಳು ಬಿಡಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನಾನೇ ಸಣ್ಣವಳು. ನಲವತ್ತಾರು. ನನ್ನ ಚರ್ಮಕ್ಕೆ ಮಾತ್ರ ವಯಸ್ಸಾದದ್ದು." ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಅವರ ಕಾಲಿಗೆ ಹಣೆ ಹಚ್ಚಿ, "ಅವತ್ತಿನದ್ದು ತಪ್ಪಾಯ್ತು ಅತ್ತಿಗೆ. ನಿಮ್ಮ ನಮಸ್ಕಾರ ನಿಮಗೇ ವಾಪಸು ಕೊಡ್ತಿದ್ದೇನೆ" ಎಂದೆ.

ಅವರು ನನ್ನ ತಲೆ ಮುಟ್ಟಿದರು. ಎಬ್ಬಿಸಿ ಕಂಬದ ಆಚೆ ಕರೆದುಕೊಂಡು ಹೋದರು. "ಅದನ್ನು ನಾನು ವಾಪಸು ತಕೊಳ್ಳುದಿಲ್ಲ" ಎಂದರು ಮೆಲ್ಲನೆ. "ನಮ್ಮಲ್ಲಿ ಈಗ ನಾನೇ ದೊಡ್ಡವಳು. ಎಲ್ಲರೂ ಬಂದು ನನ್ನ ಕಾಲು ಹಿಡೀತಾರೆ, ನನಗೆ ಹಿಡಿಲಿಕ್ಕೆ ಒಂದು ಕಾಲು ಇಲ್ಲ. ಅವತ್ತು ನೀನು ತಲೆ ಮೇಲೆ ಕೈ ಇಟ್ಟಾಗ ಕೂದಲು ನಿನ್ನ ಬೆರಳಿಗೆ ಸಿಕ್ಕಿ ಎಳೀತಲ್ಲ. ನನ್ನ ಅಮ್ಮನ ಕೈಯೂ ಹಾಗೇ ಇತ್ತು. ದೊರಗು. ಒಳಗೆ ಹೋಗಿ ಅತ್ತದ್ದು ಅದಕ್ಕೆ. ನಿನ್ನ ಮುಖ ನೋಡಿದ್ರೆ ಮತ್ತೆ ಅಳು ಬರ್ತದೆ ಅಂತ ದೂರ ಇದ್ದೆ."

ನಲವತ್ತಾರಕ್ಕೆ ಯಾರದೋ ತೀರಿಹೋದ ಅಮ್ಮನ ಕೈ ಬಂದದ್ದಕ್ಕೆ ಸಂತೋಷಪಡಬೇಕೋ, ಸಿಟ್ಟು ಮಾಡಬೇಕೋ? ಅವರು ನನ್ನ ಬಲಗೈ ಹಿಡಿದು ಬೆರಳುಗಳ ಮೇಲೆ ತಮ್ಮ ಹೆಬ್ಬೆರಳನ್ನು ಓಡಿಸಿದರು. ಮತ್ತೊಮ್ಮೆ ಓಡಿಸಿದರು. ಏನನ್ನೋ ಹುಡುಕುತ್ತಿದ್ದರು.

"ನುಣ್ಣಗಾಗಿದೆಯಲ್ಲ" ಎಂದರು. "ಮದ್ದು ಮಾಡಿದ್ಯಾ? ಒಳ್ಳೇದಾಯ್ತು." ಒಳ್ಳೇದಾಯ್ತು ಎನ್ನುವಾಗ ಅವರ ಮುಖ ಸಣ್ಣದಾಯಿತು. ನನ್ನ ಕೈಯನ್ನು ಮೆಲ್ಲ ಕೆಳಗೆ ಬಿಟ್ಟರು.

ನಾನು ಸೆರಗಿನೊಳಗಿಂದ ಎಡಗೈ ತೆಗೆದೆ. "ಇದರದ್ದು ಇನ್ನೂ ಗುಣ ಆಗ್ಲಿಲ್ಲ ಅತ್ತಿಗೆ. ಇಲ್ಲಿ, ಹೆಬ್ಬೆರಳ ಬುಡದಲ್ಲಿ ನೋಡಿ" ಎಂದು ಅವರ ಕೈಯಲ್ಲಿಟ್ಟೆ.